ತಳದಲ್ಲೊಂದು ಹಿಡಿ ಜೋಳ

ಬೀದರದ ಮೈಲೂರಿನಲ್ಲಿರುವ ವಿಶಾಖಾ ಸಿಟ್ಟಿನ ಸ್ವಭಾವದವಳಲ್ಲ. ಪ್ರತಿ ಭಾನುವಾರ ಬುದ್ಧವಿಹಾರದಲ್ಲಿ ಮಕ್ಕಳಿಗೆ ಪಂಚಶೀಲ ಹೇಳಿಕೊಡುವ ಆ ಮೂವತ್ತನಾಲ್ಕರ ಹೆಣ್ಣುಮಗಳಿಗೆ ತಾಳ್ಮೆ ಹುಟ್ಟಿನಿಂದಲೇ ಬಂದ ಗುಣ. ಅಂಥವಳು ಆ ಬೇಸಿಗೆಯಲ್ಲಿ ಕೈಯಲ್ಲಿದ್ದ ಮೊಬೈಲನ್ನು ಗೋಡೆಗೆ ಅಪ್ಪಳಿಸಿಬಿಡಲೇ ಎನ್ನುವಷ್ಟು ಬೇಸತ್ತಿದ್ದಳು.

ಖಾಸಗಿ ಕಚೇರಿಯೊಂದರ ಕಂಪ್ಯೂಟರ್ ಕೆಲಸ ಬಿಟ್ಟು, ತಾನೇ ಆ್ಯಪ್ ರೂಪಿಸುವ ಕೆಲಸಕ್ಕೆ ಅವಳು ಕೈಹಾಕಿ ವರ್ಷವಾಗಿತ್ತು. ಮೊದಲ ದೊಡ್ಡ ಕೆಲಸ ಕೊಟ್ಟವರು ಭಾಲ್ಕಿಯ ವೀರಭದ್ರ ಸಾವುಕಾರರು. ಭಾಲ್ಕಿಯಲ್ಲೊಂದು, ಔರಾದದಲ್ಲೊಂದು ಕಿರಾಣಿ ಅಂಗಡಿ ಇಟ್ಟುಕೊಂಡು, ಲಿಂಗಪೂಜೆ ಮುಗಿಯದೆ ಗಾದಿಯ ಮೇಲೆ ಕೂಡದ ಹಿರಿಯರು. ಮೆಹಕರ, ಎಕಂಬಾಗಳಂಥ ಊರುಗಳ ಮನೆಯೊಡತಿಯರು ಕೂತಲ್ಲಿಂದಲೇ ತಿಂಗಳ ಸಾಮಾನು ತರಿಸಿಕೊಳ್ಳುವಂತಾಗಬೇಕು ಎಂಬುದು ಅವರ ಆಸೆ. ಅಕ್ಷರ ಬಾರದ ತಾಯಂದಿರೂ ಯಾರನ್ನೂ ಕೇಳಿಕೊಳ್ಳದೆ ತಾವೇ ತರಿಸುವಂತೆ ಮಾಡಿಕೊಡುತ್ತೇನೆ ಎಂಬುದು ವಿಶಾಖಾ ಕೊಟ್ಟ ಮಾತು.

ಆ ಮಾತಿಗಾಗಿಯೇ ಅವಳು ಅಕ್ಷರಗಳನ್ನು ಬದಿಗಿಟ್ಟು ಚಿತ್ರ ಬರೆದಳು. ಆ್ಯಪ್ ತೆರೆದರೆ ಅಡುಗೆಮನೆಯ ಹಲಗೆ. ಅದರ ಮೇಲೆ ಸಾಲಾಗಿ ಜೋಳ, ಅಕ್ಕಿ, ತೊಗರಿಬೇಳೆ ತುಂಬಿದ ಡಬ್ಬಿಗಳು. ಮನೆಯಲ್ಲಿ ಯಾವುದು ತೀರಿದೆಯೋ ಆ ಡಬ್ಬಿಯನ್ನು ಬೆರಳಿನಿಂದ ಒತ್ತಬೇಕು. ಒತ್ತಿದೊಡನೆ ಅದು ತಳ ಕಾಣುವಂತೆ ಬರಿದಾಗುತ್ತದೆ. ಅಂಗಡಿಗೆ ಸುದ್ದಿ ಮುಟ್ಟುತ್ತದೆ. ಸಾಬೂನು, ಚಹಾಪುಡಿ, ಬಿಸ್ಕೀಟುಗಳಿಗೆ ಡಬ್ಬಿಯಿಲ್ಲ. ಒತ್ತಿದರೆ ಪೊಟ್ಟಣವೇ ಚೀಲಕ್ಕೆ ಇಳಿಯುತ್ತದೆ. ಇದಕ್ಕಿಂತ ಸರಳವಾದದ್ದು ಲೋಕದಲ್ಲಿ ಇರಲಾರದೆಂದು ಅವಳು ನಂಬಿದ್ದಳು.

ಆ ಎರಡೂ ಊರಿನ ಅರವತ್ತು ಮನೆಗಳಿಗೆ ಆ್ಯಪ್ ಹೋಗಿ ಎರಡು ತಿಂಗಳಾಯಿತು. ಸಾಬೂನು, ಚಹಾಪುಡಿ, ಬಿಸ್ಕೀಟುಗಳಿಗೆ ಬೇಡಿಕೆ ಬಂದದ್ದೇ ಬಂದದ್ದು. ಜೋಳ, ಅಕ್ಕಿ, ಬೇಳೆಗೆ ಒಂದಾದರೂ ಬರಲಿಲ್ಲ. ಅವುಗಳಿಗೆ ಹೆಂಗಸರು ಮೊದಲಿನಂತೆಯೇ ಅಂಗಡಿಗೆ ಫೋನು ಮಾಡುತ್ತಿದ್ದರು.

"ಮೇಡಮ್, ಸಾಬೂನು ಮಾರಲಿಕ್ಕ ಇಷ್ಟು ದೊಡ್ಡ ಕಾರಖಾನಿ ಯಾಕ ಬೇಕಿತ್ತರಿ?" ಎಂದರು ಸಾವುಕಾರರು, ಭಾಲ್ಕಿಯ ಅಂಗಡಿಯಲ್ಲಿ ಗಿರಾಕಿಗಳ ಎದುರಿಗೇ.

"ಇನ್ನೊಂದೀಟು ದಿನ ಕೊಡ್ರಿ ಸಾವುಕಾರ್ರ. ಚಿತ್ರ ಸಣ್ಣು ಆಗ್ಯಾವೇನೋ."

"ಹೋದ ತಿಂಗಳ ಚಿತ್ರ ದೊಡ್ಡು ಮಾಡಿದ್ರಿ. ಆಮ್ಯಾಲ ಬಣ್ಣ ಬದಲಿ ಮಾಡಿದ್ರಿ. ಹೋದ ವಾರ ಅದಕ್ಕ ಮಾತಾಡಲಿಕ್ಕೂ ಕಲಿಸಿದ್ರಿ. ಇನ್ನ ನಡಿಲಿಕ್ಕ ಕಲಸ್ತೀರೇನು?"

ಗಿರಾಕಿಗಳು ನಕ್ಕರು. ಸಾವುಕಾರರು ದನಿ ತಗ್ಗಿಸಿ, "ಹುಣ್ಣಿಮಿ ತನಕ ನೋಡ್ತೀನ್ರಿ. ಅಷ್ಟರಾಗ ಅರ್ಧ ಮನಿಯವರರೆ ಆ್ಯಪಿನ್ಯಾಗ ಕಾಳು ತರಸಬೇಕು. ಇಲ್ಲಂದ್ರ ಬಂದ್ ಮಾಡೋಣು. ಸಿಟ್ಟಾಗಬ್ಯಾಡ್ರಿ" ಎಂದರು.

ಅದು ವೈಶಾಖದ ಹುಣ್ಣಿಮೆ, ಅವಳ ಮನೆಯವರು ಬಿಳಿ ಬಟ್ಟೆ ಉಟ್ಟು ವಿಹಾರಕ್ಕೆ ಹೋಗುವ ಪವಿತ್ರ ದಿನ. ಅದಕ್ಕಿನ್ನು ಒಂಬತ್ತೇ ದಿನ ಉಳಿದಿದ್ದವು.

ಮರುದಿನ ಅವಳು ಸಾಮಾನು ಸಾಗಿಸುವ ಮಕ್ಸೂದನ ಗಾಡಿ ಹತ್ತಿ ಮೆಹಕರಕ್ಕೆ ಹೋದಳು. ಅಲ್ಲಿನ ರುಕ್ಮಿಣಿಬಾಯಿ ಮೊಬೈಲು ಬಳಸುವುದರಲ್ಲಿ ಚುರುಕಾದ ಮುದುಕಿ. ವಿಶಾಖಾಳನ್ನು ಪಕ್ಕದಲ್ಲಿ ಕೂಡಿಸಿಕೊಂಡು ಅವರು ಆ್ಯಪ್ ತೆರೆದರು. ಸಾಬೂನು ಒತ್ತಿದರು, ಚಹಾಪುಡಿ ಒತ್ತಿದರು. ಜೋಳದ ಡಬ್ಬಿಯ ಮೇಲೆ ಬೆರಳು ಬಂದು ನಿಂತಿತು. ನಿಂತದ್ದು ನಿಂತೇ ಇತ್ತು. ಕೊನೆಗೆ ಅವರು ಆ್ಯಪ್ ಮುಚ್ಚಿ ಅಂಗಡಿಯ ನಂಬರು ಹುಡುಕತೊಡಗಿದರು.

"ಕಾಕು, ಅಲ್ಲೇ ಇತ್ತಲ್ಲರಿ. ಯಾಕ ಒತ್ತಲಿಲ್ಲ?"

"ಒತ್ತಿದ್ರ ಖಾಲಿ ಆಗ್ತದಲ್ಲ ತಂಗಿ."

"ಖಾಲಿ ಆಗ್ಲೇಬೇಕರಿ. ಆದ್ರನೇ ಅಂಗಡಿಯವ್ರಿಗೆ ಗೊತ್ತಾಗೋದು."

"ಕಾಳಿನ ಡಬ್ಬಿ ತನ್ನ ಕೈಲೆ ಯಾರರೆ ಖಾಲಿ ಮಾಡ್ತಾರೇನು? ತಳದಾಗ ಹಿಡಿ ಕಾಳು ಬಿಟ್ಟು, ಅದರ ಮ್ಯಾಲ ಹೊಸಾದು ಸುರೀಬೇಕು. ಸಾಬೂನು ತೀರಿದ್ರ ತೀರಲಿ, ಅದೇನು ಅನ್ನ ಅಲ್ಲ."

ವಿಶಾಖಾಳ ತಾಳ್ಮೆ ತಪ್ಪಿತು. "ಫೋನಿನ್ಯಾಗಿನ ಡಬ್ಬಿ ಖಾಲಿ ಆದ್ರ ಮನ್ಯಾಗಿಂದು ಖಾಲಿ ಆಗ್ತದೇನ್ರಿ?"

"ನೀ ಕಲ್ತಾಕಿ, ನಿನಗ ಗೊತ್ತು. ನನ್ನ ಬಳ್ಳಿಗಿ ಗೊತ್ತಿಲ್ಲ" ಎಂದು ತಮ್ಮ ಬೆರಳನ್ನೇ ತೋರಿಸಿ ರುಕ್ಮಿಣಿಬಾಯಿ ಶಾಂತವಾಗಿ ನಕ್ಕರು. "ರೊಟ್ಟಿ ಉಂಡು ಹೋಗು."

ರೊಟ್ಟಿ ಉಂಡು ಅವಳು ಮತ್ತೆ ಗಾಡಿ ಹತ್ತಿದಳು. ದಾರಿಯುದ್ದಕ್ಕೂ ಒಳಗೇ ಕುದಿಯುತ್ತ, ಸಂಜೆಗೆ ಮೈಲೂರು ಮುಟ್ಟಿದಳು. ತಾಯಿ ಕೌಸಲ್ಯಾಬಾಯಿ ಹಿಟ್ಟು ನಾದುತ್ತಿದ್ದರು. ಮಗಳು ಚಪ್ಪಲಿ ಬಿಡುವ ಮೊದಲೇ ಬೈಗಳ ಸುರಿಮಳೆ ಶುರುವಾಯಿತು. ಇಂಥ ಮೂಢನಂಬಿಕೆ ಇರುವತನಕ ಯಾವ ಆ್ಯಪೂ ಉದ್ಧಾರವಾಗದು, ಇದನ್ನೆಲ್ಲ ನಾವು ಬಿಟ್ಟು ಎರಡು ತಲೆಮಾರಾಯಿತು ಎಂದೆಲ್ಲ ಕೂಗಾಡಿದಳು.

ಕೌಸಲ್ಯಾಬಾಯಿ ಹಿಟ್ಟಿನ ಕೈಯಲ್ಲೇ ಎದ್ದು ಜೋಳದ ಡಬ್ಬಿಯ ಮುಚ್ಚಳ ತೆಗೆದರು. ತಳದಲ್ಲಿ ಒಂದು ಹಿಡಿ ಜೋಳವಿತ್ತು.

"ನೀನೂ ಬಿಡ್ತಿಯೇನವ್ವ?" ಎಂದಳು ವಿಶಾಖಾ. ದನಿ ಅರ್ಧಕ್ಕಿಳಿದಿತ್ತು.

"ನಿನ್ನ ಕಣ್ಣೆದುರಿಗೇ ಬಿಡಲತ್ತೀನಿ, ಮೂವತ್ತು ವರ್ಷ ಆಯ್ತು. ಅಂಜಿ ಬಿಡಲ್ಲ ನಾ. ನಿಮ್ಮಜ್ಜಿ ಕೂಲಿಗಿ ಹೋಗ್ತಿದ್ದಳು. ತಾ ಉಪಾಸ ಇದ್ರೂ ಹಿಡಿ ಕಾಳು ತಗದಿಡಾಕಿ. ಹೊತ್ತು ಮುಳುಗಿದ ಮ್ಯಾಲ ಯಾರರೆ ಹಸದು ಬಂದ್ರ ಇಲ್ಲ ಅನಬಾರದು ಅಂತ. ನೀ ವಿಹಾರದಾಗ ಮಕ್ಕಳಿಗಿ ದಾನದ್ದು ಹೇಳ್ತಿಯಲ್ಲ, ಅದು ಬ್ಯಾರೆ ಏನು?"

ವಿಶಾಖಾ ಬಗ್ಗಿ ಡಬ್ಬಿಯ ತಳವನ್ನು ನೋಡಿದಳು. ಪಾಠ ಹೇಳುವವರಿಗೆ ಪಾಠ ತಮ್ಮ ಅಡುಗೆಮನೆಯಲ್ಲೇ ಕಾದಿರುತ್ತದೆ. ಅತ್ತ ತಿರುಗುವಷ್ಟು ವಿನಯ ನಮಗೆ ಬರುವುದು ಸೋತ ಮೇಲೆಯೇ. ಕರುಣೆಯು ಎಷ್ಟೋ ಮನೆಗಳಲ್ಲಿ ಹೆಸರಿಲ್ಲದೆ, ಬರಿಯ ರೂಢಿಯಾಗಿ ಬದುಕಿರುತ್ತದೆ. ಅವಳು ಅದಕ್ಕೆ ಅಜ್ಞಾನವೆಂದು ಹೆಸರಿಟ್ಟಿದ್ದಳು. ನಾಚಿಕೆಯೂ ಆಯಿತು, ಸಿಟ್ಟೂ ಉಳಿಯಿತು. ಬರೆದ ಚಿತ್ರಗಳೆಲ್ಲ ಹಾಳಾಗಿದ್ದವಲ್ಲ.

ಆರು ದಿನ ಕೂತು ಎಲ್ಲ ಡಬ್ಬಿಗಳನ್ನೂ ಮತ್ತೆ ಬರೆದಳು. ಈಗ ಪ್ರತಿ ಡಬ್ಬಿಯ ತಳದಲ್ಲೂ ಹಿಡಿ ಕಾಳು. ಒತ್ತಿದರೆ ಬರಿದಾಗುವುದಿಲ್ಲ, ಅದರ ಮೇಲೆ ಎರಡು ಕಿಲೋ ಸುರಿಯುತ್ತದೆ. ಬೇಕಾದಷ್ಟು ಸಲ ಒತ್ತಬಹುದು, ಮೇಲಿನತನಕ ತುಂಬಬಹುದು. ಸಾವುಕಾರರು ನೋಡಿ, "ಎರಡು ತಿಂಗಳ ಹಿಂದನೇ ಇದ ಮಾಡಿದ್ರ ಏನಾಗ್ತಿತ್ತರಿ?" ಎಂದು ಗೊಣಗಿ ಎರಡೂ ಊರಿಗೆ ಕಳಿಸಲು ಒಪ್ಪಿದರು.

ಹುಣ್ಣಿಮೆಯ ದಿನ ಬೆಳಿಗ್ಗೆ ವಿಹಾರದಲ್ಲಿ ವಂದನೆ ಮುಗಿಸಿ, ಬಿಳಿ ಸೀರೆಯಲ್ಲೇ ಅವಳು ಭಾಲ್ಕಿಯ ಅಂಗಡಿಗೆ ಬಂದಳು. ಆ ಹೊತ್ತಿಗೆ ಮೆಹಕರ, ಎಕಂಬಾ ಸೇರಿ ಮೂವತ್ತೇಳು ಮನೆಗಳಿಂದ ಕಾಳಿನ ಬೇಡಿಕೆ ಬಂದಿತ್ತು. ಅವಳ ಕಣ್ಣು ತೇವವಾಯಿತು. ಆದರೆ ಹೊರಗೆ ಮಕ್ಸೂದ ಚೀಲಗಳ ನಡುವೆ ಸೊಂಟ ಹಿಡಿದು ನಿಂತಿದ್ದ.

"ಮೇಡಮ್, ಇಬ್ಬರೇ ಇರೋ ಮನಿಗಿ ನಲವತ್ತು ಕಿಲೋ ಜೋಳ ಒಯ್ಯಲೇನ್ರಿ? ಗಾಡಿ ನಂದು, ರೈಲ್ ಅಲ್ಲ."

ನಲವತ್ತು ಕಿಲೋ ರುಕ್ಮಿಣಿಬಾಯಿಯವರದು. ವಿಶಾಖಾ ಗಾಬರಿಯಿಂದ ಫೋನು ಹಚ್ಚಿದಳು. "ಕಾಕು, ನಿಮಗ ಹತ್ತು ಕಿಲೋ ಸಾಕಲ್ಲರಿ?"

"ಸಾಕೇ ಸಾಕು. ಆದ್ರ ತಂಗಿ, ಸುರಿಯಾಕ ಹಚ್ಚಿದ ಮ್ಯಾಲ ಡಬ್ಬಿ ಅರ್ಧಕ್ಕ ಹ್ಯಾಂಗ ಬಿಡ್ಲಿ? ತುಂಬೋತನಕ ಒತ್ತಿದೆ. ಭಾಳ ಛಂದ ಮಾಡಿದಿ."

ವಿಶಾಖಾ ಹಣೆ ಹಿಡಿದು ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಒಳಗಿನಿಂದ ಸಾವುಕಾರರು ಇಣುಕಿದರು. "ಬಂದ್ ಮಾಡೋ ಮಾತು ನಾ ವಾಪಸ್ ತಗೊಂಡೀನ್ರಿ. ಆದ್ರ ಇದನ್ನ ಜಲ್ದಿ ಸರಿ ಮಾಡ್ರಿ, ಗೋದಾಮ ಖಾಲಿ ಆಗ್ಲತ್ತದ." 'ಖಾಲಿ' ಎಂಬ ಮಾತು ಬಾಯಿಂದ ಹೊರಟ ಮೇಲೆ ಸಾವುಕಾರರು ನಾಲಿಗೆ ಕಚ್ಚಿಕೊಂಡರು.

ಅವಳು ಬಹಳ ದಿನಗಳ ಮೇಲೆ ನಕ್ಕಳು, ಸುಸ್ತಾದ ನಗೆ. ಫೋನು ಇನ್ನೂ ಕಿವಿಯಲ್ಲೇ ಇತ್ತು. ಕೆಲಸದ ಮೊದಲ ದಿನವೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ಈಗ ಕೇಳಿದಳು:

"ಕಾಕು, ನಿಮ್ಮ ಮನಿ ಜೋಳದ ಡಬ್ಬಿ ಎಷ್ಟು ದೊಡ್ಡದದರಿ?"