ಕಳೆಯೆಂದು ಕಿತ್ತ ಲಕ್ಕಿಗಿಡ

ಶಾಗ್ಯದ ಹಳ್ಳದ ದಂಡೆಯನ್ನು ಮತ್ತೆ ಹಸಿರು ಮಾಡುತ್ತೇನೆಂದು ಅರವತ್ತರ ದಶಕದಲ್ಲಿ ಊರವರಿಂದ ಶ್ರಮದಾನ ಮಾಡಿಸಿದ ಗ್ರಾಮಸೇವಕ ನಾನೇ. ಹೊಂಗೆ ಸಸಿಗೆ ಜಾಗ ಬೇಕಲ್ಲ, ನಾನು ಬೆರಳು ತೋರಿದ ಪೊದೆಗಳನ್ನೆಲ್ಲ ಜನ ಪಾಪ ಕಿತ್ತುಹಾಕಿದರು. ಮಾರನೆಯ ಬೆಳಿಗ್ಗೆ ಪುಟ್ಟಮ್ಮ ಎಂಬ ಮುದುಕಿ ಬಂದು ಎದುರಿಗೇ ನಿಂತಳು.

“ಲಕ್ಕಿಸೊಪ್ಪೆಲ್ಲಿ ಸಾ? ಮಗಳು ಬಾಣಂತಿ ಕಣ್ರಿ. ಆ ಸೊಪ್ಪು ಕುದ್ಸಿ ನೀರುಯ್ಯದೆ ಮೈನೋವು ಎಂಗೋದದು?”

“ಕಳೆ ಅಂದ್ಕೊಂಡೆ, ಅಜ್ಜಿ.”

“ನೀವು ಉಟ್ದಾಗ ನಿಮ್ಮವ್ವಂಗೆ ಏನಾಕಿ ನೀರುಯ್ದಿದ್ರು, ಓಗಿ ಕೇಳ್ಕಂಡ್ ಬನ್ನಿ!”

ಹಂಡೆಯ ಕೆಳಗೆ ಆಗಲೇ ಉರಿ ಹಾಕಿ ಬಂದಿದ್ದಳಂತೆ. ನಾನು ಸೈಕಲ್ ಹತ್ತಿ, ಎರಡು ಮೈಲಿ ಆಚೆಯ ದಂಡೆಯಿಂದ ಒಂದು ಹೊರೆ ಲಕ್ಕಿಸೊಪ್ಪು ಹೇರಿಕೊಂಡು ಬಂದೆ. ಸೊಪ್ಪು ನೋಡಿದ ದಾರಿಯವರೆಲ್ಲ ನಗುನಗುತ್ತಾ, “ಗಂಡೋ ಎಣ್ಣೋ ಸಾ?” ಎಂದು ಕೇಳಿದರು. ನನಗಿನ್ನೂ ಮದುವೆಯೇ ಆಗಿಲ್ಲ ಎಂದೆ. ನಗು ನಿಂತುಹೋಯಿತು!

ಅಂತೂ ಬಾಣಂತಿಗೆ ನೀರಾಯಿತು. ಮರುವಾರ ಹೊಂಗೆಯ ನಡುನಡುವೆ ಲಕ್ಕಿ ಕಡ್ಡಿಗಳನ್ನು ನಾನೇ ಬಗ್ಗಿ ನೆಟ್ಟೆ. ಪುಟ್ಟಮ್ಮ ದಂಡೆಯ ಮೇಲೆ ಎಲೆಯಡಿಕೆ ಜಗಿಯುತ್ತಾ ಕೂತಿದ್ದವಳು, “ಇನ್ನೊಂದು ಸಾಲು ನೆಡಿ ಸಾ, ನಾಳೆ ನಿಮ್ಮೆಂಡ್ರಿಗೂ ಬೇಕಾಯ್ತದೆ” ಅಂದಳು.

ಬೇಕಾಯಿತು ಕಣ್ರಿ, ಮೂರು ಸಲ.