ಹಲ್ಡಾ ಬೀಸನ್ ಹೆಸರಿನ ಹಲಗೆ

ನಮ್ಮ ಹಿಕರಿ ಫೋರ್ಡಿನಲ್ಲಿ ಹಲ್ಡಾ ಬೀಸನ್ ಅಂಗಡಿಯ ಸಕ್ಕರೆ ತಿನ್ನದೆ ಬೆಳೆದವರು ಯಾರೂ ಇಲ್ಲವಂತೆ. ಉತ್ತರಕ್ಕೂ ದಕ್ಷಿಣಕ್ಕೂ ನಡೆದ ಯುದ್ಧ ಮುಗಿದು ಗುಲಾಮರಿಗೆ ಬಿಡುಗಡೆಯಾದ ಮೇಲೆ ಈ ಮಾತು ಶುರುವಾಗಿದೆ. ಸಭಾಮನೆಯ ಮೆಟ್ಟಿಲಿಳಿಯುವಾಗ ಕೇಳುತ್ತೇನೆ, ಗಿರಣಿಯ ಮುಂದೆ ಗಾಡಿ ನಿಲ್ಲಿಸಿಕೊಂಡವರ ಬಾಯಲ್ಲಿ ಕೇಳುತ್ತೇನೆ: "ನಮ್ಮಮ್ಮ ಹಲ್ಡಾ ಹತ್ರ ಬಿಟ್ಟು ಬೇರೆ ಕಡೆ ಒಂದು ಚಿಟಿಕೆನೂ ತರ್ತಿರಲಿಲ್ಲ." ಹೀಗೆ ಹೇಳುವವರೆಲ್ಲ ನಿಜವಾಗಿ ಕೊಂಡಿದ್ದರೆ ಆ ಅಂಗಡಿ ಇವತ್ತಿಗೂ ತೆರೆದಿರುತ್ತಿತ್ತು. ಅದರ ಕಿಟಕಿಗಳಿಗೆ ಅಡ್ಡಪಟ್ಟಿ ಹೊಡೆದು ಇಪ್ಪತ್ತು ವರ್ಷಗಳಾಗುತ್ತ ಬಂತು. ಒಳಗೆ ಗುಬ್ಬಚ್ಚಿಗಳಿವೆ.

ಹಲ್ಡಾ ಹುಟ್ಟಿದ್ದು ಕೆರೊಲೈನಾದಲ್ಲಿ. ಪಕ್ಕದ ತೋಟದಲ್ಲಿ ಸೆಲಿ ಎಂಬ ಗುಲಾಮ ಹೆಂಗಸಿದ್ದಳು. ಹತ್ತಿಯ ಕಸ ಬಿಡಿಸಿ ಎಳೆ ತೆಗೆಯುವುದನ್ನು ಬೇಲಿಯಾಚೆಯಿಂದ ಹಲ್ಡಾಳಿಗೆ ಕಲಿಸಿದವಳು ಅವಳೇ. ಒಂದು ಬೆಳಿಗ್ಗೆ ಬೇಲಿಯಾಚೆ ಸೆಲಿ ಇರಲಿಲ್ಲ. "ಕೆಳಗಡೆ ಮಾರಿಬಿಟ್ರು, ಕಬ್ಬಿನ ಸೀಮೆಗೆ," ಎಂದರು ಮನೆಯಲ್ಲಿ. ಕಬ್ಬಿನ ಸೀಮೆಗೆ ಹೋದವರು ಹೆಚ್ಚು ಕಾಲ ಬಾಳುವುದಿಲ್ಲವೆಂದು ದೊಡ್ಡವರಿಗೆ ಗೊತ್ತಿತ್ತು, ಮಗುವಿಗೆ ಹೇಳಲಿಲ್ಲ. ಅದೇ ವರ್ಷ ಅವಳ ತಂದೆ, ಮನುಷ್ಯರನ್ನು ಮಾರುವ ನಾಡು ತನಗೆ ಬೇಡವೆಂದು ಗಾಡಿ ಕಟ್ಟಿ, ಬೆಟ್ಟ ದಾಟಿ ಇಂಡಿಯಾನಾಕ್ಕೆ ಬಂದ. ಗುಲಾಮಗಿರಿ ಪಾಪವೆಂದು ನಂಬುವ ನಮ್ಮ ಕ್ವೇಕರ್ ಕ್ರೈಸ್ತ ಸಭೆಯ ಮುಕ್ಕಾಲು ಮಂದಿ ಬಂದದ್ದು ಹಾಗೆಯೇ. ಅದನ್ನು ಹೇಳಿಕೊಳ್ಳಲು ನಮಗೆ ಬಲು ಇಷ್ಟ.

ಇಲ್ಲಿ ಅವಳು ಜೆಸ್ಸಿ ಬೀಸನ್ ಎಂಬ ಅಂಗಡಿಯವನನ್ನು ಮದುವೆಯಾದಳು. ಆಗೆಲ್ಲ ಅದೇ ಕಬ್ಬಿನ ಸೀಮೆಯ ಬಿಳಿ ಸಕ್ಕರೆ ನ್ಯೂ ಆರ್ಲಿಯನ್ಸಿನಿಂದ ನದಿಯ ಮೇಲೆ ಬರುತ್ತಿತ್ತು. ಒಂದು ದಿನ ಗಿರಾಕಿಗೆಂದು ಸಕ್ಕರೆ ತೂಗುತ್ತಿದ್ದವಳು ಕೈ ನಿಲ್ಲಿಸಿ ಗಂಡನನ್ನು ಕೇಳಿದಳಂತೆ:

"ಜೆಸ್ಸಿ, ಇದರಲ್ಲಿ ಸೆಲಿ ಎಷ್ಟಿದಾಳೆ?"

ಜೆಸ್ಸಿ ಒಳ್ಳೆಯವನು. ಆ ಪೀಪಾಯಿಯನ್ನು ಹಿಂದಕ್ಕೆ ಕಳಿಸಿದ. ಮುಂದೆ ಅವನು ಜ್ವರದಲ್ಲಿ ತೀರಿಕೊಂಡಾಗ, ಹೆಂಗಸು ಅಂಗಡಿ ನಡೆಸಲಾರಳೆಂದು ಊರು ಅಂದುಕೊಂಡಿತು. ಹಲ್ಡಾ ಒಂದು ಬೀಚ್ ಮರದ ಹಲಗೆ ತರಿಸಿ, ತಾನೇ ಬಣ್ಣದಲ್ಲಿ ಬರೆದು, ಬಾಗಿಲ ಮೇಲೆ ತೂಗುಹಾಕಿದಳು: ಹಲ್ಡಾ ಬೀಸನ್. ಕೂಲಿ ಕೊಟ್ಟು ಬೆಳೆಸಿದ ಸರಕು ಮಾತ್ರ.

ಅಂಥ ಸರಕು ಹುಡುಕಿ ತರುವುದು ಸುಲಭವಿರಲಿಲ್ಲ. ಫಿಲಡೆಲ್ಫಿಯಾದಿಂದ ಬರುತ್ತಿದ್ದ ಸಕ್ಕರೆ ಕಂದು, ಸದಾ ಒದ್ದೆ. ಅಕ್ಕಿಗೂ ಕಾಫಿಗೂ ತಿಂಗಳುಗಟ್ಟಲೆ ಕಾಯಬೇಕು. ಬಟ್ಟೆಯಂತೂ ಗೋಣಿಯ ತಂಗಿ. ರಸ್ತೆಯ ಆ ತುದಿಯಲ್ಲಿ ಈಲಮ್ ಪಿಕರಿಂಗ್‌ನ ಅಂಗಡಿಯಿತ್ತು. ಅಲ್ಲಿ ಹಾಲಿನಂಥ ಸಕ್ಕರೆ, ಹೂವಿನ ಚೀಟಿ ಬಟ್ಟೆ, ಮೇಲಾಗಿ ನಗುಮುಖ.

"ಹಲ್ಡಾ, ನಿನ್ನ ಸಕ್ಕರೆಗೆ ಆತ್ಮಸಾಕ್ಷಿ ಇದೆ, ಸಿಹಿ ಇಲ್ಲ ನೋಡು," ಎಂದು ಈಲಮ್ ದಾರಿಯಲ್ಲಿ ಸಿಕ್ಕಾಗ ಅನ್ನುತ್ತಿದ್ದ.

"ನಿನ್ನದರಲ್ಲಿ ಅದು ತಿರುಗಾಮುರುಗಾ," ಎನ್ನುತ್ತಿದ್ದಳು ಅವಳು, ನಡಿಗೆ ನಿಲ್ಲಿಸದೆ.

ನನ್ನ ಅಮ್ಮ ಪಕ್ಕದ ಮನೆಯವಳು. "ನಿನ್ನ ಬಟ್ಟೆ ಹಾಕ್ಕೊಂಡ್ರೆ ಮೈಯೆಲ್ಲ ಕೆರೆತ ಕಣೇ ಹಲ್ಡಾ. ಹಾಕ್ಕೊಳ್ಳದಿದ್ರೆ ಮನಸ್ಸಿಗೆ ಕೆರೆತ," ಎಂದು ಅವಳೂ ರೇಗಿಸುತ್ತಿದ್ದಳು.

"ಮೈಯಾದ್ರೆ ಕೈಗೆ ಸಿಗುತ್ತೆ, ಕೆರ್ಕೋಬಹುದು. ಎಷ್ಟು ಗಜ ಹರೀಲಿ?"

ಅಂಗಡಿಗೆ ತಪ್ಪದೆ ಬರುತ್ತಿದ್ದವಳು ಡಾರ್ಕಸ್ ವೀವರ್. ಹೊಳೆಯಾಚೆ ಕರಿಯರ ಹಟ್ಟಿಯಲ್ಲಿ ಅವಳ ಹೊಲ, ಮನೆ. ಕಬ್ಬಿನ ಸೀಮೆಯಿಂದ ತಪ್ಪಿಸಿಕೊಂಡು ಬಂದವಳು. ಎಡಗೈಯ ಎರಡು ಬೆರಳು ಅಲ್ಲಿನ ಗಾಣದಲ್ಲಿ ಉಳಿದಿದ್ದವು. ಮೊದಲ ಸಲ ಬಂದಾಗ "ಅಮ್ಮಾವ್ರೇ" ಎಂದಳಂತೆ.

"ನನ್ನ ಹೆಸರು ಹಲ್ಡಾ. ನಾವು ಕ್ವೇಕರರು ನ್ಯಾಯಾಧೀಶನಿಗೂ ನೀನು ಅನ್ನೋರು. ನೀನೂ ನನಗೆ ಹಾಗೇ ಅನ್ನು."

ಡಾರ್ಕಸ್ ಸಕ್ಕರೆಯ ಪೀಪಾಯಿಯನ್ನು ಬಹಳ ಹೊತ್ತು ನೋಡುತ್ತ ನಿಂತಳು. "ಇದು ಎಲ್ಲಿಯದು, ಹಲ್ಡಾ?"

ಯಾವ ದ್ವೀಪ, ಅಲ್ಲಿ ಕಡಿಯುವವರಿಗೆ ಕೂಲಿ ಯಾರು ಕೊಡುತ್ತಾರೆ, ಯಾವ ಹಡಗು, ಎಲ್ಲವನ್ನೂ ಹಲ್ಡಾ ಹೇಳಿದಳು. ಡಾರ್ಕಸ್ ಒಂದು ಹರಳು ನಾಲಿಗೆಯ ಮೇಲಿಟ್ಟುಕೊಂಡಳು. ಅಲ್ಲಿಂದ ಬಂದ ಮೇಲೆ ಅವಳು ಸಕ್ಕರೆ ಮುಟ್ಟಿದ್ದು ಅದೇ ಮೊದಲು. ಆಮೇಲೆ ಏನು ತಿನ್ನುವ ಮೊದಲೂ ಅವಳ ಪ್ರಶ್ನೆ ಒಂದೇ: "ಇದು ಹಲ್ಡಾಳದಾ?" ಹೌದೆಂದರೆ ತಿನ್ನುವಳು.

ಹೀಗೆ ಹಲ್ಡಾಳ ಹೆಸರಿಗೆ ಒಂದು ತೂಕ ಬಂದಿತ್ತು. ಅಂಗಡಿಗೆ ಮಾತ್ರ ಬರಲಿಲ್ಲ. ಸಭೆಯಲ್ಲಿ ಗುಲಾಮಗಿರಿಯ ವಿರುದ್ಧ ಮಾತಾಡಿ ಕಣ್ಣೊರೆಸಿಕೊಂಡವರು ನೆಟ್ಟಗೆ ಈಲಮ್‌ನ ಅಂಗಡಿಗೆ ನಡೆಯುತ್ತಿದ್ದರು. ಎರಡಕ್ಕೂ ಒಂದೇ ರಸ್ತೆ. ಕಪಾಟುಗಳು ಖಾಲಿಯಾಗುತ್ತ ಬಂದಿದ್ದ ಆ ಬೇಸಿಗೆಯಲ್ಲಿ ಲವೀನಾ ಥಾರ್ನ್‌ಬರಿ ಬಂದಳು. ಗಿರಣಿಯ ಒಡೆಯನ ಹೆಂಡತಿ, ನಮ್ಮ ಸಭೆಯವಳು, ಗುಲಾಮಗಿರಿ ವಿರೋಧಿ ಮಹಿಳಾ ಸಂಘದ ಅಧ್ಯಕ್ಷೆ. ಓಡಿಬಂದವರಿಗೆ ಬಟ್ಟೆ, ಬೂಟು ಕೊಡಿಸಲು ಸಂಘ ಪ್ರತಿ ಶರತ್ಕಾಲದಲ್ಲಿ ತಿಂಡಿ ತಿನಿಸಿನ ಮಾರಾಟ ಏರ್ಪಡಿಸುತ್ತಿತ್ತು.

"ಹಲ್ಡಾ, ಈ ಸಲ ಮೇಜಿನ ಮೇಲಿನ ಸಿಹಿಯೆಲ್ಲ ನಿನ್ನ ಸಕ್ಕರೆಯದೇ ಆಗ್ಬೇಕು. ಒಂದು ಪೀಪಾಯಿ ತರಿಸಿಡು."

ಹಲ್ಡಾ ಉಬ್ಬಿಹೋದಳು. ಊರಿನ ಹೆಂಗಸರೆಲ್ಲ ಒಮ್ಮೆ ತನ್ನ ಸಕ್ಕರೆಯಲ್ಲಿ ಕೈಯಾಡಿಸಿದರೆ ಮತ್ತೆ ಬಂದೇ ಬರುತ್ತಾರೆ, ಅಂಗಡಿ ಉಳಿಯುತ್ತದೆ. ಈ ಸಲವೂ ಬರದಿದ್ದರೆ ಬಾಗಿಲು ಹಾಕುವುದೊಂದೇ ದಾರಿ. ನನ್ನ ಅಮ್ಮನಿಗೆ ಅವಳು ಹಾಗೆಂದೇ ಹೇಳಿದ್ದಳು. ಸಿಕ್ಕಿದ್ದರಲ್ಲಿ ಎಲ್ಲಕ್ಕಿಂತ ಬಿಳಿಯ ಸಕ್ಕರೆಯ ಪೀಪಾಯಿ ಕಾಲುವೆಯ ದೋಣಿಯಲ್ಲಿ, ಆಮೇಲೆ ಗಾಡಿಯಲ್ಲಿ ಬಂತು. ಹಲ್ಡಾ ಅದನ್ನು ಬಾಗಿಲ ಪಕ್ಕದಲ್ಲೇ ನಿಲ್ಲಿಸಿ, ಮುಚ್ಚಳ ಒರೆಸಿಟ್ಟಳು. ಸಂಘದವರು ಯಾರೂ ಬರಲಿಲ್ಲ. ನಾಳೆ ಬರಬಹುದು ಎಂದುಕೊಂಡಳು. ಸೇಬು ಹಣ್ಣಾದವು, ಎಲೆಗಳು ಉದುರಿದವು. ಮಾರಾಟದ ದಿನ ಬೆಳಗಾದಾಗಲೂ ಪೀಪಾಯಿ ಹಾಗೇ ನಿಂತಿತ್ತು.

ಹಲ್ಡಾ ಟೊಪ್ಪಿಗೆ ಕಟ್ಟಿಕೊಂಡು ಹೊರಟಳು. ಮುಂದಿನದನ್ನು ನನ್ನ ಅಮ್ಮ ಕಣ್ಣಾರೆ ಕಂಡಿದ್ದಾಳೆ.

ಮಾರಾಟ ನಡೆದಿದ್ದ ಶಾಲೆಯ ಕೋಣೆಯ ತುಂಬ ಜನ. ನಡುಮೇಜಿನ ಮೇಲೆ ಮೂರು ಅಂತಸ್ತಿನ ಕೇಕ್, ಅದರ ನೆತ್ತಿಯ ಮೇಲೆ ಮಂಡಿಯೂರಿ ಸಂಕೋಲೆಯ ಕೈ ಮುಗಿದ ಗುಲಾಮನ ಗೊಂಬೆ, ಎಲ್ಲ ಬಿಳಿ ಸಕ್ಕರೆಯದೇ. "ಅಷ್ಟು ಬೆಳ್ಳಗಿನ ಗುಲಾಮನನ್ನ ನಾನು ಕಂಡೇ ಇರಲಿಲ್ಲ," ಎಂದು ಅಮ್ಮ ಈಗಲೂ ಹೇಳುತ್ತಾಳೆ. ಅಂಗಿಗೆ ಒಂದು ಗುಂಡಿ ಹೆಚ್ಚಾದರೆ ಆಡಂಬರವೆಂದು ಸಭೆಯ ಹಿರಿಯರು ಮನೆಗೆ ಬರುತ್ತಿದ್ದ ಕಾಲ ಅದು. ಕೇಕಿನ ಬಗ್ಗೆ ಯಾರೂ ಬರಲಿಲ್ಲ.

ಕೇಕಿನ ಮುಂದೆ ದುಂಡಗಿನ ಅಕ್ಷರದ ಒಂದು ಚೀಟಿ: ಇಲ್ಲಿಯ ಸಕ್ಕರೆಯೆಲ್ಲ ಹಲ್ಡಾ ಬೀಸನ್ ಅಂಗಡಿಯದು.

ಹಲ್ಡಾ ಅದನ್ನು ಓದಿ ಮತ್ತೊಮ್ಮೆ ಓದಿದಳು. ಲವೀನಾಳ ತೋಳು ಹಿಡಿದು ಬದಿಗೆ ಕರೆದಳು.

"ನನ್ನ ಪೀಪಾಯಿಯ ಮುಚ್ಚಳ ಇನ್ನೂ ತೆಗೆದಿಲ್ಲ, ಲವೀನಾ."

"ಮೆಲ್ಲಗೆ ಮಾತಾಡೇ. ನಿನ್ನದು ತುಸು ಕಂದು. ಅದರಲ್ಲಿ ಗೊಂಬೆ ನಿಲ್ಲಲ್ಲ ಅಂತ ಅಡುಗೆಯವಳು ಹಟ ಹಿಡಿದ್ಲು. ಈಲಮ್ ಹತ್ರ ತಂದ್ವಿ. ಒಂದೇ ಒಂದು ಸಲ."

"ಹಾಗಾದ್ರೆ ಈಲಮ್ ಹೆಸರು ಬರೀಬೇಕಿತ್ತು."

"ಈಲಮ್ ಹೆಸರು ಬರೆದ್ರೆ ಯಾರು ತಿಂತಾರೆ ಇಲ್ಲಿ? ನಾವು ಮಾಡ್ತಿರೋದು ಒಳ್ಳೇ ಕೆಲಸ ಅಲ್ವಾ? ನಿನಗೂ ಹೆಸರು ಬಂತಲ್ಲ."

ಅಷ್ಟರಲ್ಲಿ ಯಾರೋ ಕರೆದರು. ಲವೀನಾ ಹೋಗಿ ಚಾಕು ಹಿಡಿದು, ಕೇಕ್ ಕುಯ್ದು, ಮೊದಲ ತುಂಡನ್ನು ತಟ್ಟೆಯಲ್ಲಿಟ್ಟು ಎಲ್ಲರಿಗೂ ಕೇಳುವಂತೆ ಹೇಳಿದಳು: "ಮೊದಲ ತುಂಡು ನಮ್ಮ ಡಾರ್ಕಸ್‌ಗೆ!"

ಎಲ್ಲರೂ ಜರುಗಿ ದಾರಿ ಬಿಟ್ಟರು. ಡಾರ್ಕಸ್ ಮೂರು ಬೆರಳಿನ ಕೈಯಲ್ಲಿ ತಟ್ಟೆ ಹಿಡಿದುಕೊಂಡಳು. ಚೀಟಿಯ ಕಡೆಗೊಮ್ಮೆ, ಹಲ್ಡಾಳ ಕಡೆಗೊಮ್ಮೆ ನೋಡಿದಳು.

"ಇದು ನಿನ್ನದಾ, ಹಲ್ಡಾ?"

ಲವೀನಾ ನಗುತ್ತಲೇ ಇದ್ದಳು, ಕಣ್ಣು ಮಾತ್ರ ಹಲ್ಡಾಳ ಮೇಲಿತ್ತು. ಇಡೀ ಊರು ಅಲ್ಲಿತ್ತು; ಹಲ್ಡಾಳಿಗೆ ಯಾವ ಗಿರಾಕಿಗಳು ಬೇಕಿತ್ತೋ ಅವರೆಲ್ಲ.

"ನನ್ನದಲ್ಲ, ಡಾರ್ಕಸ್," ಎಂದಳು ಹಲ್ಡಾ. "ಇದು ಕೆಳಗಿನ ಕಬ್ಬಿನ ಸೀಮೆಯದು."

ಡಾರ್ಕಸ್ ತಟ್ಟೆಯನ್ನು ಮೆಲ್ಲಗೆ, ಶಬ್ದವಾಗದಂತೆ ಮೇಜಿನ ಮೇಲಿಟ್ಟಳು. ಕೈಯನ್ನು ಲಂಗಕ್ಕೆ ಒರೆಸಿಕೊಂಡಳು. ಹಲ್ಡಾ ಹೋಗಿ ತನ್ನ ಹೆಸರಿನ ಚೀಟಿಯನ್ನು ಕಿತ್ತು ಜೇಬಿಗೆ ಹಾಕಿಕೊಂಡಳು. ಇಬ್ಬರೂ ಹೊರಗೆ ಹೋದರು. ಅವರು ಹೋದ ಮೇಲೆ ಏನಾಯಿತು ಗೊತ್ತೇ? ಉಳಿದವರು ಆ ಕೇಕನ್ನು ತಿಂದರು. ಗೊಂಬೆಯ ಸಮೇತ.

ವಾರ ಕಳೆಯುವ ಮೊದಲೇ ಸಭೆಯ ಇಬ್ಬರು ಹಿರಿಯರು ಹಲ್ಡಾಳ ಅಂಗಡಿಗೆ ಬಂದರು. ನೇಥನ್ ಎಂಬುವನು ಮಾತಾಡಿದ. "ನೀನು ಹೇಳಿದ್ದು ಸುಳ್ಳು ಅಂತ ನಾವು ಅಂತಿಲ್ಲ, ಹಲ್ಡಾ. ಹೇಳಿದ ರೀತಿ ಸರಿಯಿಲ್ಲ. ನಾಲ್ಕು ಜನರ ಮುಂದೆ... ಲವೀನಾ ಎಷ್ಟು ಅತ್ಲು ಗೊತ್ತಾ? ಆಮೇಲೆ ಒಬ್ಬಳೇ ಸಿಕ್ಕಾಗ ಹೇಳಬಹುದಿತ್ತು."

"ಆಮೇಲೆ ಅಂದ್ರೆ ಯಾವಾಗ? ಡಾರ್ಕಸ್ ನುಂಗಿದ ಮೇಲಾ?"

ನೇಥನ್ ಟೊಪ್ಪಿಯ ಅಂಚು ಸವರಿಕೊಂಡ. ಸಭೆಯಲ್ಲಿ ಎದ್ದುನಿಂತು ವಿಷಾದ ಹೇಳಿದರೆ ಎಲ್ಲ ಸರಿಹೋಗುತ್ತದೆ ಎಂದ. ಡಾರ್ಕಸ್ ಎಷ್ಟು ಅತ್ತಳೆಂದು ಅವನಾಗಲಿ, ಮತ್ತೊಬ್ಬನಾಗಲಿ ಕೇಳಲಿಲ್ಲ.

ಮುಂದಿನ ಸಭೆಯ ಮೌನಪ್ರಾರ್ಥನೆಯಲ್ಲಿ ಹಲ್ಡಾ ಎದ್ದು ನಿಂತಳು. "ನನಗೆ ವಿಷಾದವಿದೆ," ಎಂದಳು. ಲವೀನಾ ಕರವಸ್ತ್ರ ತೆಗೆದಳು. "ನಾನು ಇನ್ನಷ್ಟು ಬೇಗ ಹೋಗಿ ಆ ಚೀಟಿ ಕೀಳ್ಬೇಕಿತ್ತು." ಇಷ್ಟು ಹೇಳಿ ಕೂತಳು.

ಆಮೇಲೆ ಅಂಗಡಿಗೆ ನನ್ನ ಅಮ್ಮ ಬರುತ್ತಿದ್ದಳು, ಹೊಳೆಯಾಚೆಯವರು ಬರುತ್ತಿದ್ದರು, ಅಷ್ಟೆ. ಡಾರ್ಕಸಳ ಮಗಳ ಮದುವೆಗೆ ಆ ಪೀಪಾಯಿಯ ಮುಚ್ಚಳ ತೆಗೆದರು. ಉಳಿದ ಸಕ್ಕರೆ ಚಳಿಗಾಲದ ತೇವಕ್ಕೆ ಕಲ್ಲಾಯಿತು. ಹಿಮ ಕರಗುವ ಹೊತ್ತಿಗೆ ಹಲ್ಡಾ ಏಣಿ ಹತ್ತಿ ತನ್ನ ಹೆಸರಿನ ಹಲಗೆಯನ್ನು ಇಳಿಸಿದಳು. ಉಳಿದ ಆಯುಸ್ಸನ್ನು ಜೇನು ಸಾಕಿ ಕಳೆದಳು. ಯುದ್ಧದ ಮೂರನೆಯ ವರ್ಷ, ಬಿಡುಗಡೆಯ ಸುದ್ದಿ ಕಿವಿಗೆ ಬಿದ್ದ ಮೇಲೆ ತೀರಿಕೊಂಡಳು. ಹಲಗೆಯನ್ನು ಡಾರ್ಕಸ್‌ಗೆ ಕೊಟ್ಟು ಹೋಗಿದ್ದಳು.

ಹೋದ ತಿಂಗಳು ಲವೀನಾ ನಮ್ಮ ಮನೆಗೆ ಬಂದಳು. ಸಭಾಮನೆಯ ಗೋಡೆಯ ಮೇಲೆ ಹಲ್ಡಾಳ ಹಲಗೆ ಹಾಕಬೇಕಂತೆ, ಅದರ ಕೆಳಗೆ ನಮ್ಮೂರಿನ ಹಿರಿಮೆ ಬರೆಸಬೇಕಂತೆ. ಡಾರ್ಕಸಳ ಮನೆಗೆ ದಾರಿ ತೋರಿಸಲು ನನ್ನನ್ನು ಕರೆದಳು. ಇಷ್ಟು ವರ್ಷಗಳಲ್ಲಿ ಅವಳಿಗೆ ಆ ದಾರಿ ಗೊತ್ತಿರಲಿಲ್ಲ.

ಡಾರ್ಕಸ್ ಅಡುಗೆಮನೆಯಲ್ಲಿ ರೊಟ್ಟಿಯ ಹಿಟ್ಟು ನಾದುತ್ತಿದ್ದಳು. ಹಿಟ್ಟಿನ ಕೆಳಗಿದ್ದದ್ದು ಅದೇ ಬೀಚ್ ಹಲಗೆ, ಅಕ್ಷರಗಳಿದ್ದ ಮುಖ ಕೆಳಗೆ. ಲವೀನಾ ಬಂದ ಕಾರಣ ಹೇಳಿದಳು. "ಊರವರೆಲ್ಲ ಅವಳ ಹತ್ರಾನೇ ಕೊಳ್ತಿದ್ರಲ್ಲ, ಡಾರ್ಕಸ್. ಅದರ ನೆನಪಿಗೆ."

ಡಾರ್ಕಸ್ ಕೈ ನಿಲ್ಲಿಸಲಿಲ್ಲ. "ನೀನು ಕೊಳ್ತಿದ್ದೆಯಾ, ಲವೀನಾ?"

ಲವೀನಾ ಕಿಟಕಿಯ ಕಡೆ ನೋಡಿದಳು.

"ಒಂದು ಸಲ ಅವಳ ಹೆಸರು ತಗೊಂಡು ಹೋಗಿದ್ರಿ. ಯಾವುದರ ಮುಂದೆ ಇಟ್ರಿ ಅಂತ ನಾನು ನೋಡಿದೀನಿ," ಎಂದಳು ಡಾರ್ಕಸ್. ಹಿಟ್ಟನ್ನು ಮಗುಚಿ, ಮೇಲೆ ಬಟ್ಟೆ ಹೊದಿಸಿದಳು. "ಈಗ ಇದು ಉಬ್ಬಬೇಕು. ಆಮೇಲೆ ಬೇಯಬೇಕು. ನಾಳೆ ಮತ್ತೆ ನಾದಬೇಕು. ಹಲಗೆ ಬಿಡುವಾಗಲ್ಲ. ಕೂತ್ಕೊಳ್ಳಿ, ಜೇನು ಇದೆ, ರೊಟ್ಟಿ ತಿಂದು ಹೋಗಿ."

ಲವೀನಾ ಕೂರಲಿಲ್ಲ. ಹಿಂದಿರುಗುವಾಗ ಗಾಡಿಯಲ್ಲಿ ಕೈಗವಸು ಹಾಕಿಕೊಳ್ಳುತ್ತ, "ಪಾಪ, ಅದರ ಬೆಲೆ ಅವಳಿಗೇನು ಗೊತ್ತು," ಎಂದಳು.

ಗಾಡಿ ನಿಲ್ಲಿಸು ಎಂದೆ. ಇಳಿದು ಹಿಂದಕ್ಕೆ ನಡೆದೆ. ಹಿಟ್ಟು ಇನ್ನೂ ಹಲಗೆಯ ಮೇಲೆ ಉಬ್ಬುತ್ತಿತ್ತು.