ಬಸುರಿ ಇದ್ದ ಮನೆಯ ಒಣ ಬೇವು

ಕೊಟ್ಟೂರಿನ ನಮ್ಮ ಮನೆಯ ಹಿತ್ತಲಲ್ಲಿ ಬೇವಿನ ಮರವೊಂದು ಸತ್ತು ಎರಡು ವರ್ಷವಾದರೂ ನಿಂತೇ ಇತ್ತು. ಸತ್ತ ದನವನ್ನು ಯಾರಾದರೂ ಹಿತ್ತಲಲ್ಲಿ ಇಟ್ಟುಕೊಳ್ಳುತ್ತಾರೆಯೇ? ಮರವನ್ನು ಮಾತ್ರ ಇಟ್ಟುಕೊಂಡಿದ್ದರು. ಗಾಳಿ ಬಂದರೆ ತೊಗಟೆ ಉದುರಿ ಕುಡಿಯುವ ನೀರಿಗೆ ಬೀಳುತ್ತಿತ್ತು. ಗೆದ್ದಲು ಗೋಡೆಗೂ ಹತ್ತಿತ್ತು. ನೋಡಿದರೇ ನನಗೆ ಹೇಸಿಗೆ.

ಮರ ಇದ್ದದ್ದು ನಮ್ಮ ಮತ್ತು ದೊಡ್ಡಪ್ಪನ ಹಿತ್ತಲಿನ ನಡುವಿನ ಗೋಡೆಗೆ ಸರಿಯಾಗಿ. ಬೊಡ್ಡೆ ಕಡಿದರೆ ಬಾಗಿಲ ಚೌಕಟ್ಟಿಗೆ ಆಗುತ್ತದೆ ಎಂದು ಅಪ್ಪನ ಲೆಕ್ಕ. ದೊಡ್ಡಪ್ಪನ ಲೆಕ್ಕವೂ ಅದೇ; ಅದು ಯಾರಿಗೆಂದು ತೀರದೆ ಇಬ್ಬರೂ ಮಾತು ಬಿಟ್ಟಿದ್ದರು. ಇಬ್ಬರೂ ಆಗಾಗ ಬಂದು ಬೊಡ್ಡೆಯನ್ನು ಮೊಳ ಹಾಕಿ ಅಳೆದು, ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು. ಸಾಲದ್ದಕ್ಕೆ ದೊಡ್ಡಪ್ಪ ತನ್ನ ಟಿ.ವಿ. ಆಂಟೆನಾವನ್ನು ಅದರ ಕೊಂಬೆಗೇ ಕಟ್ಟಿದ್ದ.

ಅಷ್ಟರಲ್ಲಿ ಅಕ್ಕ ಚೊಚ್ಚಲ ಹೆರಿಗೆಗೆ ಗಂಡನ ಊರು ಇಟ್ಟಿಗಿಯಿಂದ ಬಂದಳು. ಬಾಣಂತನಕ್ಕೆ ನಮ್ಮಲ್ಲಿದ್ದದ್ದು ಒಂದೇ ಕೋಣೆ, ಹಿಂದಿನದು. ಮರ ಬಾಗಿದ್ದೂ ಅದರ ಮಾಳಿಗೆಯ ಮೇಲೆಯೇ. ಒಂದು ಸಂಜೆ ಗಾಳಿಗೆ ಕೊಂಬೆಯೊಂದು ಮುರಿದು, ಬೆಳಕಿಂಡಿಯ ಗಾಜು ಒಡೆದುಕೊಂಡು ಅಕ್ಕನ ಹಾಸಿಗೆಯ ಮೇಲೆ ಬಿತ್ತು. ಆಕೆ ಅದೇ ಆಗ ನೀರು ಕುಡಿಯಲು ಎದ್ದು ಬಂದಿದ್ದಳು. ಹೊಟ್ಟೆ ಹಿಡಿದುಕೊಂಡು ಆ ಕೊಂಬೆಯನ್ನೇ ನೋಡುತ್ತ ನಿಂತಳು.

ಮರುದಿನ ಅಪ್ಪ ಮರ ಕಡಿಯುವವನನ್ನು ಕರೆತಂದ. ಆತ ಹಗ್ಗ ಇಳಿಸಿ, ಮರದ ಸುತ್ತ ಒಂದು ಸುತ್ತು ಬಂದ. "ಹಸಿ ಗಿಡ ಬೀಳೋ ಮುಂದ ಕಿರ್ ಅಂತೈತ್ರಿ. ಒಣಗಿದ್ದು ಹೇಳದ ಕೇಳದ ಬೀಳ್ತೈತಿ, ಇದನ್ನ ಹತ್ತಂಗಿಲ್ಲ" ಎನ್ನುತ್ತಿದ್ದವನು, ಅಕ್ಕ ಚೊಂಬಿನಲ್ಲಿ ನೀರು ತಂದದ್ದೇ ಕೊಡಲಿ ಕೆಳಗಿಟ್ಟ.

"ತಂಗಿ ಬಸುರಿ ಅದಾಳ. ನಾ ಒಲ್ಲೆ."

"ನಾ ಅದನ್ನ ಹೇಳಾಕ ಹತ್ತೀನಿ" ಎಂದಳು ಕಟ್ಟೆಯ ಮೇಲಿದ್ದ ಅಜ್ಜಿ. "ಬಸುರಿ ಇರೋ ಮನ್ಯಾಗ ಗಿಡಕ್ಕ ಕೊಡ್ಲಿ ಹಾಕಿದ್ರ ಕೂಸಿಗೆ ಊನ ಆಗ್ತೈತಿ."

ಮರ ತಲೆಯ ಮೇಲೆ ಬಿದ್ದರೆ ಕೂಸಿಗೆ ಏನಾಗುತ್ತದೆ ಎಂದು ಕೇಳಿದೆ. "ಹುಡುಗಿ, ನೀ ಬಾಯಿ ಮುಚ್ಚು" ಎಂದ ಅಪ್ಪ. ಆಮೇಲೆ ಎಲ್ಲರೂ ಕೂತು ದಾರಿ ಹುಡುಕಿದರು: ಮರ ಕಡಿಯುವಷ್ಟು ಹೊತ್ತು ಅಕ್ಕ ಬೇರೆ ಮನೆಯಲ್ಲಿದ್ದರಾಯಿತು. ದೊಡ್ಡಮ್ಮ ಗೋಡೆಯಾಚೆಯಿಂದಲೇ ಕೂಗಿದಳು. "ಗಿಡ ನಮ್ಮದೂ ಐತಿ. ಆಕಿ ಇಲ್ಲಿಗೆ ಬಂದ್ರ ನಮ್ಮದೂ ಬಸುರಿ ಮನಿ ಆಗಂಗಿಲ್ಲೇನು?" ಬೊಡ್ಡೆ ಬೇಕು, ಬಸುರಿ ಬೇಡ. ಎದುರು ಮನೆಯವರೂ ಆ ಪಾಪ ನಮಗ್ಯಾಕೆ ಎಂದರು.

ಕೊನೆಗೆ ಅಪ್ಪನಿಗೇ ಹೊಳೆಯಿತು. "ಬಸ್‌ಸ್ಟ್ಯಾಂಡ್‌ನ್ಯಾಗ ಕುಂತು ಬರ್ಲಿ. ಅದು ಯಾರ ಮನಿನೂ ಅಲ್ಲ."

ತುಂಬು ಬಸುರಿಯನ್ನು ಬಸ್‌ಸ್ಟ್ಯಾಂಡಿಗೆ ಕಳಿಸುವ ಮಾತು. ಅಲ್ಲಿದ್ದ ಒಬ್ಬರಿಗೂ ಅಸಹ್ಯ ಅನಿಸಲಿಲ್ಲ. ಅಜ್ಜಿಯಂತೂ ಸಮಾಧಾನದಿಂದ ತಲೆಯಾಡಿಸಿದಳು. ಅಕ್ಕ ಒಳಗೆ ಹೋಗಿ ತನ್ನ ಚೀಲ ತಂದಳು. ಅದ್ಯಾಕೆ ಎಂದೆ. "ಬೆನ್ನಿಗೆ ಒರಗಾಕ" ಎಂದಳು.

ಬಸ್‌ಸ್ಟ್ಯಾಂಡಿನ ತುಂಬ ಎಲೆ ಅಡಿಕೆಯ ಉಗುಳು, ಬಾಳೆಹಣ್ಣಿನ ಸಿಪ್ಪೆ, ಮೂತ್ರದ ವಾಸನೆ. ಸೆರಗಿನಿಂದ ಕಲ್ಲುಬೆಂಚು ಒರೆಸಿ ಆಕೆಯನ್ನು ಕೂರಿಸಿದೆ. "ನೀ ಮನಿಗೆ ಹೋಗಿ ನಿಂತು ನೋಡು. ಆ ಮಂದಿ ಗಿಡಾನ ಕೋಣಿ ಮ್ಯಾಲೇ ಕೆಡವ್ಯಾರು" ಎಂದು ನನ್ನನ್ನು ಕಳಿಸಿದಳು. ಪಕ್ಕದಲ್ಲಿದ್ದ ಹೂ ಮಾರುವವಳಿಗೆ ನೋಡಿಕೊಳ್ಳಲು ಹೇಳಿ ಬಂದೆ.

ಕೆಲಸವೇನೋ ಸರಿಯಾಗಿಯೇ ಆಯಿತು. ಗೋಡೆಗೆ ಏಣಿ ಹಾಕಿ, ಮನೆಯ ಕಡೆಯ ಕೊಂಬೆಗಳನ್ನು ಮೊದಲು ಗರಗಸದಿಂದ ಕೊಯ್ದು, ಹಗ್ಗದಲ್ಲಿ ಒಂದೊಂದಾಗಿ ಇಳಿಸಿದರು. ಆಮೇಲೆ ಕವಲಿಗೆ ಹಗ್ಗ ಬಿಗಿದು, ಹಿತ್ತಲ ಹಿಂದಿನ ಬಯಲಿನ ಕಡೆಯಿಂದ ಬುಡಕ್ಕೆ ಕಚ್ಚು ಹಾಕಿದರು. ಎರಡು ವರ್ಷ ಮಾತು ಬಿಟ್ಟಿದ್ದ ಅಪ್ಪ, ದೊಡ್ಡಪ್ಪ ಒಂದೇ ಹಗ್ಗ ಹಿಡಿದು ದೂರದಿಂದ ಜಗ್ಗಿದರು. ಮರ ಬಯಲಿಗೆ ಬಿತ್ತು. ಬೊಡ್ಡೆ ಸೀಳಿ ಒಳಗಿನದೆಲ್ಲ ಹೊರಗೆ ಬಂತು: ಬರೀ ಗೆದ್ದಲು ಮಣ್ಣು, ಅದರಲ್ಲಿ ಬಿಳಿ ಹುಳುಗಳ ಮಿಸುಕಾಟ. ಚೌಕಟ್ಟಲ್ಲ, ಒಂದು ಮಣೆಗೂ ಆಗದು. ಇಬ್ಬರೂ ಕುಕ್ಕರಗಾಲಲ್ಲಿ ಕೂತು, ಎಲ್ಲಾದರೂ ಗಟ್ಟಿ ಉಳಿದಿದೆಯೇ ಎಂದು ಆ ಹೊಲಸನ್ನು ಕಡ್ಡಿಯಿಂದ ಕೆದಕುತ್ತಿದ್ದರು. ನನಗೆ ಉಗುಳಬೇಕೆನಿಸಿತು.

ಬಸ್‌ಸ್ಟ್ಯಾಂಡಿಗೆ ಓಡಿದೆ. ಬೆಂಚು ಖಾಲಿ.

"ನಿಮ್ಮಕ್ಕ ಇಟ್ಟಿಗಿ ಬಸ್ಸಿಗೆ ಹೋದ್ಲವ್ವ" ಎಂದಳು ಹೂವಿನವಳು. "ಈ ಹೊಟ್ಟಿ ಇಟ್ಕೊಂಡು ಎಲ್ಲಿಗ್ಯವ್ವ ಅಂದೆ. ನಮ್ಮಪ್ಪ ಚೊಲೋ ಜಾಗದಾಗ ಕುಂದ್ರಿಸ್ಯಾನ, ಇಲ್ಲಿಂದ ಬಸ್ ಸಲೀಸು ಸಿಗ್ತಾವ ಅಂದ್ಲು."

ಮನೆಗೆ ಬಂದಾಗ ಅಜ್ಜಿ ಹಿಂದಿನ ಕೋಣೆ ಸಾರಿಸಿ, ಹಾಸಿಗೆ ಕೊಡವಿ ಹಾಕಿದ್ದಳು. ವಿಷಯ ಹೇಳಿದೆ. ಅಕ್ಕ ಇಟ್ಟಿಗಿ ಮುಟ್ಟಿದಳೋ ಇಲ್ಲವೋ ಎಂದು ಅಪ್ಪ ಕೇಳಲಿಲ್ಲ.

"ಚೊಚ್ಚಲ ಹೆರಿಗಿ ಗಂಡನ ಮನ್ಯಾಗ ಆದ್ರ ಮಂದಿ ಏನಂದಾರು?" ಎಂದ.

"ಗಿಡ ಬಿತ್ತಲ್ಲಪ್ಪ," ಎಂದೆ, "ಆ ಕೋಣ್ಯಾಗ ಇನ್ನ ನೀನ ಮಕ್ಕೊ."